ಹೆಸರು ಕೇಳಿಯೇ ಅಮ್ಮ ಬೈದರು!

ಪ್ರಶ್ನೆ: ಮೇಡಂ, ಪಿ.ಜಿ.ಯಲ್ಲಿ ಗೆಳತಿಯರ ಜೊತೆ ‘ಸೆಕ್ಸ್ ಅಂಡ್ ದಿ ಸಿಟಿ’ ನೋಡುತ್ತಿದ್ದೇನೆ. ಹೆಸರು ಕೇಳಿಯೇ ಅಮ್ಮ ಬೈದರು. ಅದರಲ್ಲಿ ನೋಡುವಂಥದ್ದು ಏನಿದೆ ಅಂತ ಹೇಗೆ ಹೇಳಲಿ?
– ಓದುಗಿ, ವಿಜಯನಗರ, ಬೆಂಗಳೂರು

ಉತ್ತರ: ಆ ಹೆಸರಿಗೆ ಯಾವ ಅಮ್ಮ ತಾನೇ ಸುಮ್ನಿರ್ತಾರೆ! ಮುಜುಗರದ ದೃಶ್ಯಗಳು ಜಾಸ್ತಿನೇ ಇವೆ, ಮುಚ್ಚಿಡಬೇಡಿ. 1998ರಿಂದ 2004ರವರೆಗೆ ಎಚ್‌ಬಿಒದಲ್ಲಿ ಬಂದ ಧಾರಾವಾಹಿ ಅದು. ನ್ಯೂಯಾರ್ಕಿನ ಅಂಕಣಗಾರ್ತಿ ಕ್ಯಾರಿ, ಅವಳ ಮೂವರು ಗೆಳತಿಯರು. ಪ್ರೇಮಿಗಳು ಬರುತ್ತಾರೆ, ಹೋಗುತ್ತಾರೆ. ಇವರ ಹರಟೆ ಮಾತ್ರ ನಿಲ್ಲುವುದಿಲ್ಲ.

ನನಗಿಷ್ಟ ಲಾಯರ್ ಮಿರಾಂಡಾ. ನಾಲ್ಕನೇ ಸೀಸನ್‌ನಲ್ಲಿ ಅವಳ ಅಮ್ಮ ತೀರಿಕೊಳ್ಳುತ್ತಾರೆ. ಚರ್ಚಿನಲ್ಲಿ ಶವಪೆಟ್ಟಿಗೆಯ ಹಿಂದೆ ಒಬ್ಬಳೇ ನಡೆಯುತ್ತಾಳೆ. ಕ್ಯಾರಿ ಎದ್ದು ಬಂದು ಜೊತೆಗೆ ಹೆಜ್ಜೆ ಹಾಕುತ್ತಾಳೆ. ಅಷ್ಟೇ. ಅಮ್ಮನಿಗೆ ಆ ದೃಶ್ಯ ತೋರಿಸಿ. ಇಡೀ ಕಂತು ಬೇಡ, ರಿಮೋಟ್ ನಿಮ್ಮ ಕೈಯಲ್ಲೇ ಇರಲಿ!

ನನ್ನದೊಂದು ತಕರಾರಿದೆ. ವಾರಕ್ಕೊಂದು ಅಂಕಣ ಬರೆದು ಕ್ಯಾರಿ ಅಷ್ಟು ದುಬಾರಿ ಚಪ್ಪಲಿ ಹೇಗೆ ಕೊಳ್ಳುತ್ತಾಳೆ? ನಾನೂ ಅಂಕಣ ಬರೆಯುವವಳೇ. ಗಾಂಧಿ ಬಜಾರಿನಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇನೆ.