ರೆಪ್ಪೆ ಇಳಿದದ್ದನ್ನು ಮುಚ್ಚಿಟ್ಟ ತಾಯಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅರವತ್ತು ದಾಟಿದ ಆ ತಾಯಿಗೆ ಶ್ವಾಸಕೋಶದ ಕ್ಯಾನ್ಸರ್. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ, ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧದ ಎರಡನೇ ಡೋಸ್ ಮುಗಿದಿತ್ತು. ನಿದ್ರೆ ಬರುವುದಿಲ್ಲವೆಂದು ಮಗಳು ನನ್ನಲ್ಲಿಗೆ ಕರೆತಂದಿದ್ದರು. ಮಾತಿನ ನಡುವೆ ತಾಯಿ ಬಾಯಿಬಿಟ್ಟರು: ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಇಳಿಬೀಳುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಮಗಳಿಗೂ ಇದು ಗೊತ್ತಿರಲಿಲ್ಲ.

“ಹೇಳಿದರೆ ಔಷಧ ನಿಲ್ಲಿಸಿಬಿಡುತ್ತಾರೆ. ಆಮೇಲೆ ನನಗೆ ಉಳಿಯುವುದೇನು?”

ಈ ಭಯಕ್ಕೆ ಆಧಾರವಿದೆ, ಹಾಗಾಗಿ ಅದನ್ನು ತಳ್ಳಿಹಾಕಲಿಲ್ಲ. ಆದರೆ ಅದನ್ನು ಬಿಡಿಸಿ ಕೂರುವ ಹೊತ್ತೂ ಅದಾಗಿರಲಿಲ್ಲ. ನುಂಗಲು ಕಷ್ಟವೇ, ಮಲಗಿದರೆ ಉಸಿರು ಕಟ್ಟುತ್ತದೆಯೇ ಎಂದು ಕೇಳಿದೆ. ಊಟದ ಅರ್ಧಕ್ಕೇ ದವಡೆ ಸೋಲುತ್ತದೆ ಎಂದರು. ಅಲ್ಲಿಂದಲೇ ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿಸಿದೆ. ಅವರು ತುರ್ತು ವಿಭಾಗಕ್ಕೆ ಬರಹೇಳಿದರು.

ಅದು ಮಯಸ್ತೇನಿಯಾ ಗ್ರ್ಯಾವಿಸ್ ಎಂಬ ಸ್ನಾಯುದೌರ್ಬಲ್ಯದ ಕಾಯಿಲೆ. ರೋಗನಿರೋಧಕ ಕೋಶಗಳಿಗೆ ಇರುವ ಪಿಡಿ-1 ಎಂಬ ಕಡಿವಾಣವನ್ನು ಈ ಔಷಧ ಸಡಿಲಿಸುತ್ತದೆ. ಹಾಗೆ ಬಿಡುಗಡೆಯಾದ ಶಕ್ತಿ ಅಪರೂಪಕ್ಕೆ ನರ ಮತ್ತು ಸ್ನಾಯು ಕೂಡುವ ಜಾಗದ ಮೇಲೂ ಎರಗುತ್ತದೆ. ಹೃದಯದ ಸ್ನಾಯುವಿನ ಉರಿಯೂತವೂ ಜೊತೆಗೂಡಬಹುದಾದ್ದರಿಂದ ಇಸಿಜಿ ಮತ್ತು ಹೃದಯದ ಸ್ನಾಯುವಿಗಾದ ಹಾನಿಯನ್ನು ತೋರಿಸುವ ಟ್ರೊಪೋನಿನ್ ರಕ್ತಪರೀಕ್ಷೆಗಳಾದವು. ಔಷಧ ನಿಲ್ಲಿಸಿ, ರೋಗನಿರೋಧಕ ಶಕ್ತಿಯ ಈ ದಾಳಿಯನ್ನು ತಗ್ಗಿಸಲು ಸ್ಟಿರಾಯ್ಡ್ ಮತ್ತು ಇಮ್ಯುನೋಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳು) ಕೊಟ್ಟರು.

ಮನೆಗೆ ಮರಳಿದ ಮೇಲೆ ಬೇರೆಯೇ ತೊಡಕು. ಮುಖ ಊದಿಕೊಂಡಿತೆಂದು ಸ್ಟಿರಾಯ್ಡ್ ಬಿಟ್ಟುಬಿಡಲು ಹೊರಟಿದ್ದರು. “ಅಮ್ಮಾ, ಇದನ್ನು ಒಮ್ಮೆಲೇ ಬಿಡುವಂತಿಲ್ಲ. ವೈದ್ಯರು ಹೇಳಿದ ಪ್ರಕಾರ ಹಂತಹಂತವಾಗಿಯೇ ಇಳಿಸಬೇಕು” ಎಂದೆ. ಸ್ಟಿರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರಿಂದ ಬರಬಹುದಾದ ಸೋಂಕಿನ ಮಾತನ್ನೂ ಬಿಡಿಸಿ ಹೇಳಿದೆ, ಏಕೆಂದರೆ ಮನೆಯವರು ಹೆಚ್ಚಾಗಿ ಮರೆಯುವುದು ಇದನ್ನೇ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ 4 ವಾರ ದಾಟಿ ನಡೆಯುವುದಾದರೆ ನ್ಯುಮೊಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ತಡೆಯುವ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಒಳಗೆ ಅಡಗಿದ್ದ ಕ್ಷಯವೂ ಮರುಕಳಿಸಬಹುದು. ಸ್ಟಿರಾಯ್ಡ್ ಜ್ವರವನ್ನು ಮರೆಮಾಚುವುದುಂಟು, ಆದ್ದರಿಂದ ಸಣ್ಣ ಜ್ವರ, ಒಣಕೆಮ್ಮು, ಏದುಸಿರು ಕಂಡರೂ ಕಾಯಬೇಡಿ. ಔಷಧದ ಅಂಗಡಿಯಿಂದ ನೀವೇ ಆ್ಯಂಟಿಬಯಾಟಿಕ್ ತರಬೇಡಿ. ಕೆಲವು ಈ ಸ್ನಾಯುದೌರ್ಬಲ್ಯವನ್ನೇ ಕೆರಳಿಸುತ್ತವೆ.

ಮಗಳೊಡನೆ ಪ್ರತ್ಯೇಕವಾಗಿ ಮಾತಾಡಿದೆ. “ಯಾಕೆ ಮುಚ್ಚಿಟ್ಟೆ ಎಂದು ಬೈದರೆ ಮುಂದಿನ ಲಕ್ಷಣವೂ ಮುಚ್ಚಿಹೋಗುತ್ತದೆ. ದಿನಾ ಸಂಜೆ ಕಣ್ಣು, ನುಂಗುವಿಕೆ, ಉಸಿರು ಹೇಗಿದೆ ಎಂದು ಸಹಜವಾಗಿ ಕೇಳಿ.”

ತಾಯಿಯ ಮೊದಲ ಪ್ರಶ್ನೆಗೆ ಈಗ ಬಿಡುವಿತ್ತು. ಔಷಧ ನಿಂತರೂ ಕೆಲವರಲ್ಲಿ ಅದರ ಪರಿಣಾಮ ಉಳಿಯುತ್ತದೆ, ಬೇರೆ ಚಿಕಿತ್ಸೆಗಳೂ ಇವೆ. ನಿಮ್ಮ ವಿಷಯದಲ್ಲಿ ಏನೆಂದು ಸ್ಕ್ಯಾನ್ ನೋಡಿ ವೈದ್ಯರೇ ಹೇಳಬೇಕು ಎಂದೆ. ಅಡ್ಡಪರಿಣಾಮ ತಿಂಗಳುಗಳ ನಂತರವೂ ಕಾಣಿಸಬಹುದು. ಬೇರಾವುದೇ ವೈದ್ಯರ ಬಳಿ ಹೋದರೂ ಇಮ್ಯುನೋಥೆರಪಿ ಪಡೆದದ್ದನ್ನು ಮೊದಲೇ ತಿಳಿಸಲು ಔಷಧದ ಹೆಸರು, ಕೊನೆಯ ಡೋಸಿನ ದಿನಾಂಕವಿರುವ ಚೀಟಿಯನ್ನು ಪರ್ಸಿನಲ್ಲಿ ಇಡಿಸಿದೆ.