ಕುಡಿತ ಮೊದ್ಲಾ, ಡಿಪ್ರೆಶನ್ ಮೊದ್ಲಾ?

ಪ್ರಶ್ನೆ: ಡಾಕ್ಟ್ರೇ, ನಮ್ ಯಜಮಾನ್ರು ಹತ್ತು ವರ್ಷದಿಂದ ಕುಡೀತಾರೆ, ಜೊತೆಗೆ ಡಿಪ್ರೆಶನ್ ಬೇರೆ. ಸೈಕಿಯಾಟ್ರಿಸ್ಟ್ ಹತ್ರ ಹೋದ್ರೆ ‘ಮೊದ್ಲು ಕುಡಿತ ಬಿಡಿಸ್ಕೊಂಡು ಬನ್ನಿ’ ಅಂದ್ರು. ಡಿ-ಅಡಿಕ್ಷನ್ ಸೆಂಟರ್‌ನವ್ರು ‘ಮನಸ್ಸಿನ ಮಾತ್ರೆ ತಗೊಳೋರನ್ನ ಸೇರಿಸ್ಕೊಳಲ್ಲ’ ಅಂದ್ರು. ಎಲ್ಲಿಗೆ ಕರ್ಕೊಂಡು ಹೋಗ್ಲಿ?

ಇದೇ ಪ್ರಶ್ನೆ ತಿಂಗಳು ತಿಂಗಳು ಬರುತ್ತೆ, ಪ್ರತಿ ಸಲನೂ ನಂಗೆ ಸಿಟ್ಟು ಬರುತ್ತೆ, ನಿಮ್ಮೇಲಲ್ಲಮ್ಮ, ನಿಮ್ಮನ್ನ ಹೀಗೆ ಅಲೆದಾಡಿಸಿದೋರ ಮೇಲೆ. ನಿದ್ದೆ ಬರಲ್ಲ ಅಂತ ಕುಡೀತಾರೆ, ಕುಡಿದಿದ್ದಕ್ಕೇ ಬೆಳಗಿನ ಜಾವ ಎಚ್ಚರ ಆಗಿ ಎದೆ ಡವಡವ ಅನ್ನುತ್ತೆ, ಅದನ್ನ ತಡೆಯೋಕಾಗ್ದೆ ಮತ್ತೆ ಕುಡೀತಾರೆ. ಇದನ್ನ ಎರಡು ಕಡೆ ಹಂಚಿ ವಾಸಿ ಮಾಡೋಕಾಗಲ್ಲ, ಒಬ್ರೇ ಡಾಕ್ಟ್ರು ಅಥವಾ ಒಂದೇ ಟೀಮ್ ಒಟ್ಟಿಗೆ ನೋಡ್ಬೇಕು.

ಹೋದ ತಿಂಗಳು ಒಬ್ಬ ತಾಯಿ ಪ್ಲಾಸ್ಟಿಕ್ ಕವರ್ ತಂದು ನನ್ನ ಟೇಬಲ್ ಮೇಲೆ ಸುರಿದ್ರು, ಮಗನಿಗೆ ಎರಡು ಕಡೆ ಬರೆದ ಎರಡು ಚೀಟಿ. ಒಂದ್ರಲ್ಲಿ ಲೊರಾಜೆಪಾಮ್, ಇನ್ನೊಂದ್ರಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್. ಎರಡೂ ಮಂಪರು ಬರಿಸೋ ಒಂದೇ ಜಾತಿ ಮಾತ್ರೆ, ಅದ್ರ ಮೇಲೆ ಒಂದು ಕ್ವಾರ್ಟರ್ ಬಿದ್ರೆ ಉಸಿರೇ ನಿಲ್ಲಬಹುದು. ಇನ್ನೊಂದು ಚೀಟಿ ತೋರ್ಸಿ ಅಂತ ಎರಡೂ ಕಡೆ ಯಾರೂ ಕೇಳಿರ್ಲಿಲ್ಲ.

ಕುಡಿತದಿಂದಾನೇ ಬಂದಿರೋ ಬೇಜಾರು, ಕುಡಿಯೋದು ಬಿಟ್ಟ ಎರಡರಿಂದ ನಾಲ್ಕು ವಾರದಲ್ಲಿ ಎಷ್ಟೋ ಜನಕ್ಕೆ ತಾನೇ ಇಳಿಯುತ್ತೆ, ಅದಕ್ಕೇ ಕೆಲವ್ರಿಗೆ ಡಿಪ್ರೆಶನ್ ಮಾತ್ರೆ ಶುರು ಮಾಡೋಕೆ ನಾವೂ ಸ್ವಲ್ಪ ಕಾಯ್ತೀವಿ. ಆದ್ರೆ ಕಾಯೋದು ಅಂದ್ರೆ ಕಣ್ಣಳತೇಲಿ ಇಟ್ಕೊಂಡು ಕಾಯೋದು, ಮನೆಗೆ ಓಡಿಸೋದಲ್ಲ. ನಾನು ಹೆಂಡ್ತೀರಿಗೆ ಕೇಳೋದು ಒಂದೇ: ಅಯ್ಯಪ್ಪ ಮಾಲೆ ಹಾಕಿದ್ದ 41 ದಿನ ಹೇಗಿದ್ರು? ಕುಡೀದೇ ಇದ್ದಾಗ್ಲೂ ಊಟ ಬೇಡ, ಮಾತು ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ್ರೆ ಅದು ಬೇರೆನೇ ಕಾಯಿಲೆ, ಔಷಧಿ ತಡ ಮಾಡೋ ಹಾಗಿಲ್ಲ. ಸಾಯೋ ಮಾತಾಡಿದ್ರೆ ಒಂದು ದಿನಾನೂ ಕಾಯ್ಬೇಡಿ, ಕುಡಿದಿದ್ರೂ ಸರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಎಲ್ಲಿಗೆ ಅಂದ್ರಲ್ಲ, ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಅಂತ ಬೇರೆ ವಿಭಾಗ ಇದೆ, ಅಲ್ಲಿ ಎರಡನ್ನೂ ನೋಡ್ತಾರೆ. ಬೆಂಗಳೂರು ದೂರ ಆದ್ರೆ ಜಿಲ್ಲಾಸ್ಪತ್ರೆಯ ಮನೋವೈದ್ಯರು. ಅಲ್ಲೂ ‘ಬಿಟ್ಟು ಬನ್ನಿ’ ಅಂದ್ರೆ ಎದ್ದು ಬರ್ಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್‌ನಿಂದ ಬರೋ ಮನಸ್ಸಿನ ತೊಂದರೆನೂ ಮಾನಸಿಕ ಕಾಯಿಲೆ ಅಂತಾನೇ ಹೇಳುತ್ತೆ. ರಾತ್ರಿ ಹೊತ್ತು ದಾರಿ ಕಾಣ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಪ್ರಶ್ನೆ: ಕುಡಿತ ಬಿಡಿಸೋಕೆ ಗೊತ್ತಾಗ್ದೇ ಇರೋ ಹಾಗೆ ಸಾರಲ್ಲಿ ಬೆರೆಸೋ ಪುಡಿ ಕೊಡ್ತಾರಂತೆ, ಹಾಕ್ಬಹುದಾ?

ಬೇಡ. ಡೈಸಲ್ಫಿರಾಮ್ (ಹೊಟ್ಟೇಲಿದ್ದಾಗ ಕುಡಿದ್ರೆ ಮೈಗೆ ಒಗ್ಗದ ಹಾಗೆ ಮಾಡೋ ಔಷಧಿ) ಥರದ್ದನ್ನ ಕದ್ದು ಹಾಕಿ, ಆತ ಗೊತ್ತಿಲ್ದೆ ಕುಡಿದ್ರೆ ಬಿಪಿ ಬಿದ್ದು ಜೀವಕ್ಕೇ ಕುತ್ತು ಬರುತ್ತೆ. ಪುಡಿ ಮಾರೋನು ಐಸಿಯು ಬಾಗಿಲಿಗೆ ಬರಲ್ಲ.

ಪ್ರಶ್ನೆ: ಮಗ ಗಾಂಜಾ ಸೇದ್ತಾನೆ, ಅದು ಗಿಡಮೂಲಿಕೆ ತಾನೇ?

ಗಿಡಮೂಲಿಕೆ ಆದ್ರೂ ಮನಸ್ಸು ಕೆಡಿಸಬಹುದು. ಮಗ ‘ಎಲ್ರೂ ನನ್ ಬಗ್ಗೇನೇ ಮಾತಾಡ್ತಿದಾರೆ’ ಅಂತಿದ್ರೆ ನಾಳೆನೇ ಕರ್ಕೊಂಡು ಬನ್ನಿ.

ಪ್ರಶ್ನೆ: ಮಾಲೆ ಹಾಕ್ಸಿ ಒಂದೇ ದಿನಕ್ಕೆ ನಿಲ್ಲಿಸ್ಬಹುದಾ?

ಬೆಳಗ್ಗೆ ಕಾಫಿ ಲೋಟ ಹಿಡಿಯೋಕೆ ಕೈ ನಡುಗೋರು ಏಕಾಏಕಿ ನಿಲ್ಲಿಸಿದ್ರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ದಿರೋದೆಲ್ಲ ಕಾಣಿಸಬಹುದು. ಮೊದ್ಲು ಆಸ್ಪತ್ರೆಗೆ ಬಂದು ಔಷಧಿ ಮೇಲೆ ನಿಲ್ಲಿಸಿ, ಮಾಲೆ ಆಮೇಲೆ ಹಾಕ್ಸಿ.