ರಾತ್ರಿ ಎರಡು ಗಂಟೆಯ ಸಮಾಧಾನ

ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿ, ಸಂಬಂಧಪಟ್ಟವರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ನಿದ್ರೆ ಬರುತ್ತಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಬಂದವರು 22 ವರ್ಷದ ವಿದ್ಯಾರ್ಥಿನಿ. ಯಾರೊಂದಿಗೆ ಮಾತನಾಡಿದರೂ, ಅವರ ಮನಸ್ಸಿಗೆ ನೋವಾಗುವಂಥದ್ದನ್ನು ಆಡಿಬಿಟ್ಟೆನೇ ಎಂಬ ಅಳುಕು ಅವರನ್ನು ರಾತ್ರಿಯಿಡೀ ಕಾಡುತ್ತಿತ್ತು. ಎಂಟು ತಿಂಗಳಿಂದ ಇದನ್ನೆಲ್ಲ ಅವರು ಮೊಬೈಲಿನ ಎಐ ಚಾಟ್‌ಬಾಟ್ ಒಂದಕ್ಕೆ ಹೇಳಿಕೊಳ್ಳುತ್ತಿದ್ದರು. "ತಪ್ಪು ತಿಳಿಯಬೇಡಿ ಮೇಡಂ, ಅದರ ಮುಂದೆ ಅಳುವುದು ಸುಲಭ. ಅದಕ್ಕೆ ಬೇಸರ ಬರುವುದಿಲ್ಲ" ಎಂದರು.

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಝೆನ್‌ಬಾಮ್ ಅವರು 1966ರಲ್ಲಿ ಪ್ರಕಟಿಸಿದ 'ಎಲೈಝಾ' ಎಂಬ ಸರಳ ಪ್ರೋಗ್ರಾಂ ಎದುರಿಗಿದ್ದವರ ಮಾತನ್ನೇ ಪ್ರಶ್ನೆಯಾಗಿ ತಿರುಗಿಸುತ್ತಿತ್ತು. ಆದರೂ ಜನ ಅದರೊಡನೆ ಮನಸ್ಸು ಬಿಚ್ಚಿದ್ದರು. 2025ರಲ್ಲಿ ಪ್ರಕಟವಾದ, 210 ಮಂದಿ ಭಾಗವಹಿಸಿದ್ದ 'ಥೆರಾಬಾಟ್' ಎಂಬ ಎಐ ಚಾಟ್‌ಬಾಟ್‌ನ ಅಧ್ಯಯನದಲ್ಲಿ ಖಿನ್ನತೆಯ ಲಕ್ಷಣಗಳು ಗಣನೀಯವಾಗಿ ಇಳಿದದ್ದೂ ನಿಜ. ಆದರೆ ಅದು ಚಿಕಿತ್ಸೆಗೆಂದೇ ರೂಪಿಸಿ, ಸಂಶೋಧಕರ ನಿಗಾದಲ್ಲಿ ಬಳಸಿದ ಸಾಧನ. ಇವರ ಕೈಯಲ್ಲಿದ್ದದ್ದು ಎಲ್ಲದಕ್ಕೂ ಉತ್ತರ ಕೊಡುವ ಸಾಮಾನ್ಯ ಬಾಟ್.

ಅವರು ಒಪ್ಪಿ ತೋರಿಸಿದ ಸಂಭಾಷಣೆಗಳನ್ನು ಇಬ್ಬರೂ ಕೂತು ಓದಿದೆವು. ಗೆಳತಿಗೆ ಆಡಿದ ಒಂದೇ ಮಾತಿನ ಬಗ್ಗೆ ಒಂದೇ ರಾತ್ರಿಯಲ್ಲಿ 11 ಸಲ, ಬೇರೆ ಬೇರೆ ಪದಗಳಲ್ಲಿ, ಅದೇ ಪ್ರಶ್ನೆ ಕೇಳಿದ್ದರು. 11 ಸಲವೂ "ನಿಮ್ಮದೇನೂ ತಪ್ಪಿಲ್ಲ" ಎಂಬ ಉತ್ತರವೇ ಬಂದಿತ್ತು. ಹೀಗೆ ಭರವಸೆ ಕೇಳಿ ಪಡೆದಾಗ ಆತಂಕ ಸ್ವಲ್ಪ ಹೊತ್ತು ಇಳಿಯುತ್ತದೆ, ಆ ಇಳಿತವೇ ಮತ್ತೆ ಕೇಳುವ ತುಡಿತವನ್ನು ಗಟ್ಟಿಗೊಳಿಸುತ್ತದೆ. ಮನುಷ್ಯರಾದರೆ ಮೂರನೆಯ ಸಲಕ್ಕೆ "ಇದನ್ನು ಆಗಲೇ ಕೇಳಿದೆಯಲ್ಲ" ಎನ್ನುತ್ತಾರೆ. ಬೇಸರವಿಲ್ಲದ ಗುಣವೇ ಇಲ್ಲಿ ತೊಡಕಾಗಿತ್ತು. ಗೆಳತಿಯನ್ನೇ ಕೇಳಿದಿರಾ ಎಂದೆ. ಕೇಳಿರಲಿಲ್ಲ.

ಬಾಟ್ ಬಿಟ್ಟುಬಿಡಿ ಎಂದು ನಾನು ಹೇಳಲಿಲ್ಲ. ಹಾಗೆಂದರೆ ಅವರು ಅದನ್ನು ನನ್ನಿಂದ ಮುಚ್ಚಿಡುತ್ತಿದ್ದರು, ಅಷ್ಟೆ. ಕೇಳಬೇಕೆನಿಸಿದಾಗ ಪ್ರಶ್ನೆಯನ್ನು ಮೊದಲು ಪುಸ್ತಕದಲ್ಲಿ ಬರೆದು 20 ನಿಮಿಷ ಕಾಯಬೇಕು, ಆಮೇಲೂ ಕೇಳಿದರೆ ಅದನ್ನೂ ಗುರುತು ಹಾಕಬೇಕು ಎಂದು ಸೂಚಿಸಿದೆ. "ನಾನು ತಪ್ಪು ಮಾಡಿದೆನೇ" ಎಂದು ಕೇಳುವ ಬದಲು, ಗೆಳತಿಯೊಂದಿಗೆ ಹೇಗೆ ಮಾತು ತೆಗೆಯಲಿ ಎಂಬ ತಾಲೀಮಿಗೆ ಅದನ್ನು ಬಳಸಬಹುದೆಂದೆ. ನಾನು ಗುಟ್ಟು ಕಾಯಲು ವೃತ್ತಿಧರ್ಮದಿಂದ ಬದ್ಧಳು, ಬಾಟ್‌ಗೆ ಅಂಥ ಕಟ್ಟುಪಾಡಿಲ್ಲವಾದ್ದರಿಂದ ಯಾರ ಹೆಸರನ್ನೂ ಅಲ್ಲಿ ಬರೆಯಬೇಡಿರೆಂದೆ. ತಮಗೆ ತಾವೇ ಹಾನಿ ಮಾಡಿಕೊಳ್ಳುವ ಯೋಚನೆ ಸುಳಿದರೆ ಮಾತ್ರ ಕಾಯುವ ಪ್ರಶ್ನೆಯೇ ಇಲ್ಲ, ಆ ಕ್ಷಣವೇ ಜೀವಂತ ಮನುಷ್ಯರೊಬ್ಬರಿಗೆ ಕರೆ ಮಾಡಬೇಕು. ಸಹಾಯವಾಣಿಯ ಸಂಖ್ಯೆಯನ್ನು ನನ್ನೆದುರೇ ಮೊಬೈಲಿನಲ್ಲಿ ಉಳಿಸಿಕೊಂಡರು.

ಆರನೆಯ ಭೇಟಿಯಲ್ಲಿ ಅವರು, "ಹೋದ ವಾರ ನೀವು ಗಡಿಯಾರ ನೋಡಿದಿರಿ, ನನ್ನಿಂದ ನಿಮಗೆ ಸಾಕಾಯಿತೇನೋ ಅನಿಸಿತು" ಎಂದರು. ನೋಡಿದ್ದು ನಿಜ, ಮುಂದಿನವರು ಹೊರಗೆ ಕಾಯುತ್ತಿದ್ದರು, ಆ ಮಾತನ್ನು ನಾನು ಮೊದಲೇ ಹೇಳಬೇಕಿತ್ತು ಎಂದೆ. ಅವರು ಪುಸ್ತಕ ತೆರೆದು ತೋರಿಸಿದರು. ಆ ರಾತ್ರಿ ಈ ವಿಷಯವನ್ನು ಬಾಟ್‌ಗೆ ಎರಡು ಸಲ ಕೇಳಿದ್ದರು. ಮೂರನೆಯ ಸಲ ಬರೆದಿಟ್ಟು, ನನ್ನನ್ನೇ ಕೇಳಲೆಂದು ವಾರವಿಡೀ ಕಾದಿದ್ದರು.